ಮುಟ್ಟದ ಕಾಫಿ, ಬಿಟ್ಟುಕೊಟ್ಟ ಮಹರ್

ಜೋರ್ಡಾನಿನ ರಾಜಧಾನಿ ಅಮ್ಮಾನ್‌ನಲ್ಲಿ ಗುಡ್ಡದ ಮೇಲೆ ಒಂದು ಬಿಳಿ ಕಲ್ಲಿನ ಮನೆ. ಶುಕ್ರವಾರ ಮಧ್ಯಾಹ್ನ. ಹಜಾರದ ತುಂಬ ಗಂಡಸರು ಕೂತಿದ್ದರು. ಗಂಡಿನ ಕಡೆಯಿಂದ ಹೆಣ್ಣು ಕೇಳಲು ಬಂದ ಹಿರಿಯರು. ಇಂಥ ಗುಂಪಿಗೆ ಜೋರ್ಡಾನ್, ಪ್ಯಾಲೆಸ್ಟೈನ್ ಕಡೆ ‘ಜಾಹಾ’ ಅನ್ನುತ್ತಾರೆ. ಹುಡುಗ ಹುಡುಗಿ ಒಪ್ಪಿ, ಎರಡೂ ಮನೆಯವರ ಮಾತುಕತೆ ಮುಗಿದ ಮೇಲೂ ಈ ಶಾಸ್ತ್ರ ನಡೆಯಲೇಬೇಕು.

ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ಕಹಿ ಕಾಫಿ. ಹಿಡಿ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಮೊದಲು ಕೊಟ್ಟದ್ದು ಗಂಡಿನ ಕಡೆಯ ಹಿರಿಯರಿಗೆ. ಅವರು ತೆಗೆದುಕೊಂಡರು, ಬಾಯಿಗೆ ಇಡದೆ ಹಾಗೇ ಮುಂದಿನ ಮೇಜಿನ ಮೇಲೆ ಇಟ್ಟರು. ಕೇಳಿದ್ದು ಸಿಗುವವರೆಗೆ ಕಾಫಿ ಮುಟ್ಟುವುದಿಲ್ಲ ಅಂತ ಅದರ ಅರ್ಥ.

ನಾನು ಹೆಂಗಸರ ಕೋಣೆಯಲ್ಲಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಶಾರ್ಜಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯ ತಂಗಿಯ ಮದುವೆ ಅದು. ಹತ್ತು ದಿನ ರಜೆ ಹಾಕಿ ಅವಳ ಜೊತೆ ಹೋಗಿದ್ದೆ. ಮದುಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು, ಕೈ ಬೆರಳು ಹೆಣೆದುಕೊಂಡು. ಅವರಮ್ಮನನ್ನು ನಾನು ‘ಖಾಲ್ತೊ’ ಅಂತ ಕರೆಯುತ್ತಿದ್ದೆ, ಅಂದರೆ ಚಿಕ್ಕಮ್ಮ. ಅವರೂ ನನ್ನನ್ನು ‘ಖಾಲ್ತೊ’ ಅಂತಲೇ ಕರೆಯುತ್ತಿದ್ದರು. ಆ ಕಡೆ ಹಾಗೇ, ದೊಡ್ಡವರು ತಮ್ಮ ಸಂಬಂಧದ ಹೆಸರನ್ನೇ ಚಿಕ್ಕವರ ಮೇಲೂ ಹಾಕಿಬಿಡುತ್ತಾರೆ. ಖಾಲ್ತೊ ಆಗಾಗ ನನ್ನ ಕಿವಿಯಲ್ಲಿ ಏನು ನಡೆಯುತ್ತಿದೆ ಅಂತ ಹೇಳುತ್ತಿದ್ದರು.

ಹುಡುಗಿಯ ತಂದೆ ಮಹರ್‌ನ, ಅಂದರೆ ಮದುವೆಗೆ ಗಂಡಿನ ಕಡೆಯಿಂದ ಬರಬೇಕಾದ ಹಣದ ಮೊತ್ತ ಹೇಳಿದರು. ಹತ್ತು ಸಾವಿರ ದಿನಾರ್. ಆಮೇಲೆ ದನಿ ಏರಿಸಿ ಒಂದೊಂದಾಗಿ ಬಿಡುತ್ತಾ ಬಂದರು. ಪ್ರವಾದಿಗಳ ಗೌರವಕ್ಕೆ ಒಂದು ಸಾವಿರ ಬಿಟ್ಟೆ. ನನ್ನ ಮನೆಗೆ ಬಂದ ಈ ಜಾಹಾದ ಗೌರವಕ್ಕೆ ಎರಡು ಸಾವಿರ ಬಿಟ್ಟೆ. ಮುಂದೆ ಕೂತ ಹಿರಿಯರ ಬಿಳಿ ಗಡ್ಡಕ್ಕೆ ಇನ್ನೆರಡು ಸಾವಿರ. ಪ್ರತಿ ಸಲ ಹಜಾರದಲ್ಲಿ ಮೆಚ್ಚುಗೆಯ ಗುಜುಗುಜು. ಕೊನೆಗೆ ಉಳಿದದ್ದು ಐದು ಸಾವಿರ. “ಇಶ್ರಬು ಗಹ್ವತ್ಕುಂ” ಅಂದರು. ನಿಮ್ಮ ಕಾಫಿ ಕುಡಿಯಿರಿ.

ಆ ಒಂದು ಮಾತಿಗೆ ಕಾದಿದ್ದವರಂತೆ ನಮ್ಮ ಕೋಣೆಯ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ‘ಲುಲುಲುಲು’ ಅಂತ ಕೂಗಿದರು. ಮನೆಯೇ ನಡುಗಿತು. ಆ ಗದ್ದಲದಲ್ಲಿ ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, “ಅಪ್ಪ ಬಿಟ್ಟುಕೊಟ್ಟದ್ದು ನನ್ನ ದುಡ್ಡು ಅಲ್ವಾ?”

ಆ ಮಾತು ನನ್ನನ್ನು ಬಿಟ್ಟಿಲ್ಲ.

ಮಹರ್ ಅಂದಾಗ ನಮ್ಮಲ್ಲಿ ಎಷ್ಟೋ ಜನ ಅದನ್ನು ತಿರುಗಾಮುರುಗಾ ವರದಕ್ಷಿಣೆ ಅಂದುಕೊಳ್ಳುತ್ತಾರೆ. ಇಲ್ಲಿ ಹೆಣ್ಣಿನ ಕಡೆಯವರು ಕೊಡುತ್ತಾರೆ, ಅಲ್ಲಿ ಗಂಡಿನ ಕಡೆಯವರು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ ಅಂತ. ನಾನೂ ಹಾಗೇ ತಿಳಿದಿದ್ದೆ. ಇನ್ನು ಕೆಲವರಿಗೆ ನಮ್ಮ ಹಳೆಯ ‘ತೆರ’ ನೆನಪಾಗುತ್ತದೆ. ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಹುಡುಗನ ಕಡೆಯವರು ಹುಡುಗಿಯ ತಂದೆಗೆ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಆದರೆ ತೆರ ಸೇರುತ್ತಿದ್ದದ್ದು ಅಪ್ಪನ ಕೈಗೆ. ಮಹರ್ ಅಪ್ಪನದ್ದಲ್ಲ, ಅಣ್ಣನದ್ದೂ ಅಲ್ಲ. ಅದು ಮದುವೆಯಾಗುವ ಹೆಣ್ಣಿನ ಸ್ವಂತ ಆಸ್ತಿ. ಕುರಾನಿನ ನಾಲ್ಕನೇ ಅಧ್ಯಾಯಕ್ಕೆ ‘ಅನ್ನಿಸಾ’, ಅಂದರೆ ಹೆಂಗಸರು, ಅಂತಲೇ ಹೆಸರು. ಅದರ ನಾಲ್ಕನೇ ವಚನವೇ ಹೆಂಗಸರಿಗೆ ಅವರ ಮಹರ್ ಮನಸಾರೆ ಕೊಡಿ ಅನ್ನುತ್ತದೆ. ಅವರಾಗಿಯೇ ಖುಷಿಯಿಂದ ಅದರಲ್ಲಿ ಏನಾದರೂ ಬಿಟ್ಟುಕೊಟ್ಟರೆ ಮಾತ್ರ ಅದನ್ನು ಅನುಭವಿಸಿ ಅಂತಲೂ ಅದೇ ವಚನ ಹೇಳುತ್ತದೆ. ಬಿಡುವ ಹಕ್ಕು ಯಾರದ್ದು ಅನ್ನುವುದು ಅಲ್ಲೇ ಸ್ಪಷ್ಟವಾಗಿದೆ.

ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆಗೂ ಈ ವ್ಯತ್ಯಾಸ ಗೊತ್ತಿತ್ತು. ವರದಕ್ಷಿಣೆ ಅಂದರೇನು ಅಂತ ವಿವರಿಸುವ ಕಲಮಿನಲ್ಲೇ, ಮುಸ್ಲಿಂ ವೈಯಕ್ತಿಕ ಕಾನೂನಿನ ಮಹರ್ ಇದರಲ್ಲಿ ಸೇರುವುದಿಲ್ಲ ಅಂತ ಬರೆದಿದ್ದಾರೆ. ಹಾಗಂತ ನಮ್ಮ ಕರಾವಳಿಯಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಬ್ಯಾರಿ ಗೆಳತಿಗೆ ಮದುವೆಯಲ್ಲಿ ಬಂದ ಮಹರ್ ಎರಡು ಪವನ್ ಚಿನ್ನ. ಅವಳ ಅಪ್ಪ ಹೊಂದಿಸಿಕೊಟ್ಟದ್ದು ನಲವತ್ತು ಪವನ್. ಅರಬ್ಬರ ಮನೆಯಲ್ಲಿ ಇದನ್ನು ಹೇಳಿದಾಗ ಖಾಲ್ತೊ ನಂಬಲೇ ಇಲ್ಲ. “ಹೆಣ್ಣನ್ನೂ ಕೊಟ್ಟು ದುಡ್ಡನ್ನೂ ಕೊಡುತ್ತಾರಾ?” ಅಂತ ಮೂರು ಸಲ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಅವರ ಕಡೆ ಮಹರ್ ಸಾಮಾನ್ಯವಾಗಿ ಎರಡು ಪಾಲು. ಮದುವೆ ಹೊತ್ತಿಗೆ ಕೊಡುವುದು ‘ಮುಕದ್ದಂ’. ಮುಂದಕ್ಕೆ ಹಾಕಿದ್ದು ‘ಮುಅಖ್ಖರ್’. ಈ ಎರಡನೇ ಪಾಲು ಗಂಡ ತಲಾಖ್ ಕೊಟ್ಟರೆ ಅಥವಾ ತೀರಿಹೋದರೆ ಕೈಗೆ ಬರಬೇಕು. ಗಂಡ ಸತ್ತರೆ ಅದು ಅವನ ಆಸ್ತಿಯ ಮೇಲಿನ ಸಾಲ. ಮೊದಲು ಆ ಸಾಲ ತೀರಿಸಿ, ಉಳಿದದ್ದನ್ನು ವಾರಸುದಾರರು ಹಂಚಿಕೊಳ್ಳಬೇಕು. ಅಷ್ಟಾದ ಮೇಲೆ ಗಂಡನ ಆಸ್ತಿಯಲ್ಲಿ ಅವಳ ವಾರಸಿನ ಪಾಲು ಬೇರೆಯೇ ಇರುತ್ತದೆ. ಮುಅಖ್ಖರ್ ದೊಡ್ಡದಿದ್ದರೆ ಸಿಟ್ಟಿನಲ್ಲಿ ತಲಾಖ್ ಅನ್ನುವ ಮುಂಚೆ ಗಂಡ ಒಂದು ಸಲ ಯೋಚಿಸುತ್ತಾನೆ ಅಂತ ಅಲ್ಲಿನ ತಾಯಂದಿರ ಲೆಕ್ಕ.

ಖಾಲ್ತೊ ಅವರ ಅಜ್ಜಿಯದ್ದು ಪ್ಯಾಲೆಸ್ಟೈನಿನ ಹೆಬ್ರಾನ್ ಕಡೆಯ ಹಳ್ಳಿ. ಆ ಅಜ್ಜಿಯ ಟೊಪ್ಪಿಗೆಯನ್ನು ಅವರು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ನನಗೆ ಬಿಚ್ಚಿ ತೋರಿಸಿದರು. ಹೊಲಿದ ಬಟ್ಟೆಯ ಟೊಪ್ಪಿ, ಮೇಲೆಲ್ಲ ಬೆಳ್ಳಿ ನಾಣ್ಯಗಳ ಸಾಲು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಅದರ ಹೆಸರೇ ‘ದುಡ್ಡಿನ ಟೊಪ್ಪಿ’. ಮಹರ್‌ನ ನಾಣ್ಯಗಳನ್ನೇ ಹೀಗೆ ಹೊಲಿದು ತಲೆಗೆ ಇಟ್ಟುಕೊಳ್ಳುತ್ತಿದ್ದರು. ಊರವರೆಲ್ಲ ನೋಡಬಹುದು, ಆದರೆ ಮುಟ್ಟುವ ಹಕ್ಕು ಅವಳಿಗೆ ಮಾತ್ರ. ಎತ್ತಿ ಹಿಡಿದರೆ ಭಾರವಾಗಿತ್ತು. ಹಣೆಯ ಮೇಲಿನ ಸಾಲಿನಲ್ಲಿ ನಾಲ್ಕು ಕಡೆ ನಾಣ್ಯ ಇರಲಿಲ್ಲ, ಕಿತ್ತ ದಾರದ ತುದಿ ಮಾತ್ರ ಇತ್ತು. “ಒಂದೊಂದು ಕಷ್ಟಕ್ಕೆ ಒಂದೊಂದು” ಅಂದರು ಖಾಲ್ತೊ. ಯಾವ ಕಷ್ಟ ಅಂತ ಕೇಳಲು ನನಗೆ ಮನಸ್ಸಾಗಲಿಲ್ಲ.

ಇದನ್ನೆಲ್ಲ ಕೇಳಿದರೆ ಎಷ್ಟು ಒಳ್ಳೆಯ ಏರ್ಪಾಡು ಅನಿಸುತ್ತದೆ. ನನಗೆ ಈಗಲೂ ಹಾಗೇ ಅನಿಸುತ್ತದೆ. ಒಟ್ಟೋಮನ್ ಕಾಲದಲ್ಲಿ ಜೆರುಸಲೇಮ್, ನಾಬ್ಲುಸ್ ನ್ಯಾಯಾಲಯಗಳ ದಫ್ತರದಲ್ಲಿ, ಬಾಕಿ ಉಳಿದ ಮಹರ್ ಕೊಡಿಸಿ ಅಂತ ಹೆಂಗಸರೇ ಹೋಗಿ ದಾವೆ ಹೂಡಿದ ದಾಖಲೆಗಳಿವೆ. ಓದು ಬರಹ ಬಾರದ ಹಳ್ಳಿಯ ಹೆಂಗಸು ಕಾಜಿಯ ಮುಂದೆ ನಿಂತು ನನ್ನ ದುಡ್ಡು ಕೊಡಿಸಿ ಅಂದಿದ್ದಾಳೆ. ಎಂಥ ದೊಡ್ಡ ಮಾತು ಅದು.

ಆದರೆ ಈ ದುಡ್ಡಿನ ಸುತ್ತ ಮನೆ ಮರ್ಯಾದೆ ಬಂದು ಕೂತುಬಿಡುತ್ತದೆ. ಅರಬ್ಬಿಯಲ್ಲಿ ಮರ್ಯಾದೆಗೆ ಎರಡು ಮಾತು. ‘ಶರಫ್’ ಅನ್ನುವುದು ನಮ್ಮ ಮರ್ಯಾದೆಯ ಹಾಗೆ. ಉದಾರಿಯಾಗಿದ್ದರೆ, ಮಾತಿಗೆ ತಪ್ಪದಿದ್ದರೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ‘ಇರ್ದ್’ ಅನ್ನುವುದು ಬೇರೆ. ಅದು ಮನೆಯ ಹೆಂಗಸರ ನಡತೆಗೆ ಅಂಟಿಕೊಂಡ ಮಾನ. ಅದನ್ನು ಹೆಚ್ಚಿಸಿಕೊಳ್ಳಲು ದಾರಿಯಿಲ್ಲ, ಕಳೆದುಕೊಳ್ಳಲು ಮಾತ್ರ ಸಾಧ್ಯ. ಗಂಡಸರು ತಮ್ಮ ಶರಫ್ ತಾವೇ ಸಂಪಾದಿಸಬಹುದು. ಇರ್ದ್ ಮಾತ್ರ ಹೆಂಗಸರ ಮೈಮೇಲೆ ಇಟ್ಟ ಹೊರೆ.

ಮಹರ್‌ನ ಮೊತ್ತ ಏರುವುದೂ ಇಳಿಯುವುದೂ ಇದೇ ಮರ್ಯಾದೆಯ ಕಾರಣಕ್ಕೆ. ನಮ್ಮ ಮನೆ ಹುಡುಗಿ ಅಗ್ಗವಲ್ಲ ಅಂತ ಒಬ್ಬರು ಏರಿಸುತ್ತಾರೆ. ನಾವು ಮಗಳನ್ನು ಮಾರುವವರಲ್ಲ ಅಂತ ಇನ್ನೊಬ್ಬರು ಒಂದು ಚಿನ್ನದ ನಾಣ್ಯಕ್ಕೆ ಇಳಿಸುತ್ತಾರೆ. ಟ್ಯುನೀಷಿಯಾದಲ್ಲಿ ಒಂದು ದಿನಾರ್ ಅಂತ ಬರೆಸುವುದು ಮಾಮೂಲಿ. ಎಮಿರೇಟ್ಸ್‌ನಲ್ಲಿ ಏರುವ ರೋಗ ಎಷ್ಟು ಜಾಸ್ತಿಯಾಯಿತು ಅಂದರೆ, ಹುಡುಗರು ಸಾಲ ಮಾಡಿ ಮದುವೆಯಾಗಬೇಕಾಯಿತು, ಇಲ್ಲವೇ ಹೊರದೇಶದ ಹೆಣ್ಣು ಹುಡುಕಿದರು. 1992ರಲ್ಲಿ ಅಲ್ಲಿನ ಸರ್ಕಾರ ಮದುವೆ ನಿಧಿ ಶುರು ಮಾಡಿತು. ತಮ್ಮ ದೇಶದ ಹುಡುಗಿಯನ್ನು ಮದುವೆಯಾಗುವ, ಕಡಿಮೆ ಸಂಬಳದ ಹುಡುಗರಿಗೆ 70,000 ದಿರ್ಹಂ ನೆರವು. 1997ರಲ್ಲಿ ಕಾನೂನು ಮಾಡಿ ಮುಕದ್ದಂ 20,000 ದಿರ್ಹಂ, ಮುಅಖ್ಖರ್ 30,000 ದಿರ್ಹಂ ಮೀರಬಾರದು ಅಂದರು. ಆದರೆ ಮಹರ್‌ಗೆ ಮಿತಿ ಹಾಕಿದ ಮಾತ್ರಕ್ಕೆ ಚಿನ್ನ, ಹೋಟೆಲು, ಬಟ್ಟೆಯ ಖರ್ಚಿಗೆ ಮಿತಿ ಬೀಳುವುದಿಲ್ಲ. ನಾನು ಶಾರ್ಜಾದಲ್ಲಿದ್ದ ವರ್ಷಗಳಲ್ಲಿ ನೋಡಿದ್ದು ಅದನ್ನೇ.

ಮಿತಿ ಹಾಕುವ ಯೋಚನೆ ತುಂಬ ಹಳೆಯದು. ಖಲೀಫ ಉಮರ್ ಒಂದು ದಿನ ಜನರ ಮುಂದೆ, ಮಹರ್ ಇಷ್ಟಕ್ಕಿಂತ ಹೆಚ್ಚು ಬೇಡ ಅಂದರಂತೆ. ಗುಂಪಿನಿಂದ ಒಬ್ಬ ಹೆಂಗಸು ಎದ್ದು, ರಾಶಿ ಹೊನ್ನು ಕೊಟ್ಟಿದ್ದರೂ ಅದರಿಂದ ಏನನ್ನೂ ವಾಪಸ್ ತೆಗೆದುಕೊಳ್ಳಬೇಡಿ ಅನ್ನುವ ಕುರಾನಿನ ವಚನ ಹೇಳಿ, ದೇವರೇ ಕೊಟ್ಟದ್ದನ್ನು ತಡೆಯಲು ನೀವು ಯಾರು ಅಂತ ಕೇಳಿದಳಂತೆ. ಹೆಂಗಸು ಹೇಳಿದ್ದು ಸರಿ, ಉಮರ್ ತಪ್ಪಿದ ಅಂತ ಖಲೀಫರು ಒಪ್ಪಿಕೊಂಡರಂತೆ. ಖಾಲ್ತೊ ಈ ಕಥೆ ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಈಜಿಪ್ಟಿನವರದ್ದು ಮತ್ತೊಂದು ರೀತಿ. ನಿಶ್ಚಿತಾರ್ಥಕ್ಕೆ ಹುಡುಗ ‘ಶಬ್ಕಾ’ ಅಂತ ಚಿನ್ನ ಕೊಡಬೇಕು. ಆಮೇಲೆ ‘ಆಯ್ಮಾ’, ಅಂದರೆ ಪಟ್ಟಿ. ಹೊಸ ಮನೆಯಲ್ಲಿರುವ ಫ್ರಿಜ್, ಮಂಚ, ಪರದೆ, ಚಮಚದವರೆಗೆ ಎಲ್ಲ ಬರೆದು, ಇದು ನನ್ನ ಹೆಂಡತಿಯ ಸೊತ್ತು, ನನ್ನ ಬಳಿ ಇರುವುದು ನಂಬಿಕೆಯ ಮೇಲೆ ಅಂತ ಮದುಮಗ ಸಹಿ ಹಾಕುತ್ತಾನೆ. ಮುಂದೆ ಕೇಳಿದಾಗ ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ, ಜೈಲಿಗೂ ಹೋಗಬೇಕಾಗಬಹುದು. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ತಂದೆ ಮಗಳ ಆಯ್ಮಾದಲ್ಲಿ ಸಾಮಾನು ಏನನ್ನೂ ಬರೆಯದೆ, ‘ಮಾನವನ್ನೇ ನಂಬಿ ಒಪ್ಪಿಸಿದವನ ಹತ್ತಿರ ದುಡ್ಡಿನ ಲೆಕ್ಕ ಕೇಳುವುದಿಲ್ಲ’ ಅಂತ ಒಂದು ಸಾಲು ಬರೆದ. ಆ ಕಾಗದದ ಫೋಟೋ ಊರೆಲ್ಲ ಓಡಾಡಿತು. ಎಂಥ ದೊಡ್ಡ ಮನುಷ್ಯ ಅಂತ ಸಾವಿರಾರು ಜನ ಹೊಗಳಿದರು. ಹುಡುಗಿಯ ಹಕ್ಕನ್ನು ಕೈಯಾರೆ ಅಳಿಸಿದ್ದಾನೆ ಅಂತ ಬೈದವರೂ ಇದ್ದರು.

ನಾನು ಬೈದವರ ಕಡೆ. ಆ ತಂದೆಯ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಹಜಾರದಲ್ಲಿ ಕೂತು ಐದು ಸಾವಿರ ದಿನಾರ್ ಬಿಟ್ಟ ತಂದೆ ಮಾಡಿದ್ದೂ ಇದನ್ನೇ. ಔದಾರ್ಯದ ಹೆಸರು ಬಂದದ್ದು ಅಪ್ಪನಿಗೆ. ಖಾಲಿಯಾದದ್ದು ಮಗಳ ಕೈ.

ಶಾರ್ಜಾದ ನಮ್ಮ ಕಚೇರಿಯಲ್ಲೇ ಕೈರೋದ ಒಬ್ಬ ಹೆಂಗಸಿದ್ದಳು. ಲೆಕ್ಕಪತ್ರದಲ್ಲಿ ನನಗೆ ಗುರು. ಗಂಡ ಬಿಟ್ಟೂ ಬಿಡದೆ, ಕರೆದೂ ಕರೆಯದೆ ಆರು ವರ್ಷ ಕಳೆಸಿದ. ಕೊನೆಗೆ ಅವಳು ‘ಖುಲಾ’ ತೆಗೆದುಕೊಂಡಳು, ಅಂದರೆ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ. ಈಜಿಪ್ಟಿನಲ್ಲಿ 2000ನೇ ಇಸವಿಯ 1ನೇ ಕಾನೂನು ಬಂದ ಮೇಲೆ ಗಂಡ ಒಪ್ಪದಿದ್ದರೂ ನ್ಯಾಯಾಲಯದಿಂದ ಖುಲಾ ಪಡೆಯಬಹುದು. ಆದರೆ ಪಡೆದ ಮಹರ್ ವಾಪಸ್ ಕೊಡಬೇಕು, ಬರಬೇಕಾದ ಮುಅಖ್ಖರ್, ಜೀವನಾಂಶ ಎಲ್ಲ ಬಿಡಬೇಕು. ಕಾರಣ ಹೇಳಿ, ಸಾಕ್ಷಿ ತಂದು, ವರ್ಷಗಟ್ಟಲೆ ಕೇಸು ನಡೆಸಿದರೆ ಹಕ್ಕು ಉಳಿಸಿಕೊಂಡೇ ವಿಚ್ಛೇದನ ಪಡೆಯುವ ದಾರಿಯೂ ಇತ್ತು. ಆ ದಾರಿ ಬೇಡ ಅಂದವರು ಅವಳ ಅಣ್ಣಂದಿರು. ಮನೆಯ ಮಾತು ಕೋರ್ಟಿನಲ್ಲಿ ಬಂದರೆ ಮರ್ಯಾದೆ ಹೋಗುತ್ತದೆ, ಬಿಟ್ಟುಬಿಡು ಅಂದರಂತೆ. ಮದುವೆಯಲ್ಲಿ ಮುಅಖ್ಖರ್ ದೊಡ್ಡದಾಗಿರಲಿ ಅಂತ ಹಟ ಹಿಡಿದವರೂ ಅದೇ ಅಣ್ಣಂದಿರು. “ಬರೆಸುವಾಗ ಮರ್ಯಾದೆ, ಕೇಳುವಾಗ ನಾಚಿಕೆ” ಅಂದಳು. ಅಂದವಳೇ ಕಂಪ್ಯೂಟರಿನ ಕಡೆ ತಿರುಗಿ ಮತ್ತೆ ಕೆಲಸ ಮಾಡತೊಡಗಿದಳು.

ಸಿರಿಯಾದ ಹೆಂಗಸರದ್ದು ಇನ್ನೊಂದು ನೋವು. ಹಕ್ಕು ಯಾರೂ ಕಿತ್ತುಕೊಳ್ಳಲಿಲ್ಲ, ದುಡ್ಡೇ ಕರಗಿತು. 2011ರ ಮುಂಚೆ ಒಂದು ಡಾಲರಿಗೆ ಹೆಚ್ಚುಕಮ್ಮಿ 50 ಸಿರಿಯನ್ ಪೌಂಡ್. ಹತ್ತು ವರ್ಷದ ಯುದ್ಧದಲ್ಲಿ ಅದು ಸಾವಿರಗಳಿಗೆ ಹೋಯಿತು. ಮುಅಖ್ಖರ್ ಅಂತ ಬರೆಸಿದ ಲಕ್ಷಗಳು ಕೆಲವೇ ದಿನದ ದಿನಸಿ ಖರ್ಚಿಗೆ ಇಳಿದವು. 2019ರಲ್ಲಿ ಅಲ್ಲಿನ ಕಾನೂನು ತಿದ್ದಿ, ಮದುವೆ ದಿನ ಆ ಮೊತ್ತಕ್ಕೆ ಎಷ್ಟು ಬೆಲೆ ಇತ್ತೋ ಅದನ್ನು ಲೆಕ್ಕ ಹಿಡಿಯಬೇಕು ಅಂದರು.

ಈಗ ಬರೆಯುವುದು ಕಷ್ಟದ ಮಾತು. ಬಿಟ್ಟುಕೊಡುವ ಈ ಅಭ್ಯಾಸ ದುಡ್ಡಿನಲ್ಲೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೇನೋ. ಜೋರ್ಡಾನಿನ ಪತ್ರಕರ್ತೆ ರಾನಾ ಹುಸೇನಿ 1990ರ ದಶಕದಿಂದ ಅಲ್ಲಿನ ಮರ್ಯಾದೆ ಹತ್ಯೆಗಳ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಆ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ‘ವೈಯಕ್ತಿಕ ಹಕ್ಕು ಬಿಡುವುದು’. ಕೊಲೆಯಾದವರ ಮನೆಯವರು ಹಕ್ಕು ಬಿಟ್ಟರೆ ಕೊಲೆಗಾರನ ಶಿಕ್ಷೆಯನ್ನು ನ್ಯಾಯಾಲಯ ಇಳಿಸುತ್ತಿತ್ತು. ತಂಗಿಯನ್ನು ಕೊಂದವನು ಅಣ್ಣ. ಅವಳ ಪರವಾಗಿ ಕ್ಷಮಿಸುವವರು ಅದೇ ಅಪ್ಪ ಅಮ್ಮ. ಮಹರ್‌ನಲ್ಲಿ ಅವಳ ದುಡ್ಡನ್ನು ಬೇರೆಯವರು ಬಿಟ್ಟರು, ಇಲ್ಲಿ ಅವಳ ಪ್ರಾಣವನ್ನೇ ಬೇರೆಯವರು ಬಿಟ್ಟರು. ಎರಡಕ್ಕೂ ಒಂದೇ ಬೇರು ಅಂತ ನಾನು ನಂಬುತ್ತೇನೆ.

ಅತ್ಯಾಚಾರ ಮಾಡಿದವನು ಅವಳನ್ನೇ ಮದುವೆಯಾದರೆ ಶಿಕ್ಷೆಯಿಂದ ಪಾರು ಅನ್ನುವ ಕಲಮುಗಳೂ ಹೀಗೆಯೇ ಮನೆಯ ಮಾನ ಉಳಿಸಲು ಇದ್ದಂಥವು. ಮೊರೊಕ್ಕೊದಲ್ಲಿ 2012ರಲ್ಲಿ ಅಂಥ ಮದುವೆಗೆ ಸಿಕ್ಕ ಹದಿನಾರರ ಹುಡುಗಿ ಅಮೀನಾ ಫಿಲಾಲಿ ವಿಷ ಕುಡಿದು ಸತ್ತಳು. ಬೀದಿಯಲ್ಲಿ ಜನ ಎದ್ದರು. 2014ರಲ್ಲಿ ಆ ಕಲಮಿನ ಭಾಗ ಹೋಯಿತು. 2017ರಲ್ಲಿ ಟ್ಯುನೀಷಿಯಾ, ಜೋರ್ಡಾನ್, ಲೆಬನಾನ್ ಮೂರೂ ದೇಶಗಳು ಅಂಥ ಕಲಮುಗಳನ್ನು ತೆಗೆದವು. ಹೋರಾಡಿದವರು ಆ ಊರುಗಳ ಹೆಂಗಸರೇ. ಇದನ್ನು ಓದಿ, ಅರಬ್ಬರೇ ಹಾಗೆ ಅಂತ ಯಾರೂ ಅನ್ನಬೇಡಿ. ಜಾತಿ ಬಿಟ್ಟು ಮದುವೆಯಾದ ಮಗಳನ್ನು ಕೊಂದ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಲ್ಲೂ ಬರುತ್ತದೆ. ಅಲ್ಲೂ ಅದೇ ಮರ್ಯಾದೆ ಅನ್ನುವ ಪದ.

ಅಮ್ಮಾನ್‌ಗೆ ವಾಪಸ್ ಬರುತ್ತೇನೆ.

ಜಾಹಾ ಆಗಿ ಐದು ದಿನಕ್ಕೆ ನಿಕಾಹ್ ಬರೆಯುವ ಶಾಸ್ತ್ರ. ಬರೆಯಲು ಬಂದ ‘ಮಅಝೂನ್’ ವಯಸ್ಸಾದವರು, ದಪ್ಪ ಕನ್ನಡಕ, ಕೈಯಲ್ಲಿ ದೊಡ್ಡ ದಫ್ತರ. ಹಜಾರದಲ್ಲಿ ಹುಡುಗಿಯ ತಂದೆಯೂ ಮದುಮಗನೂ ಕೈ ಕೈ ಹಿಡಿದು ಕೂರುವ ಮುಂಚೆ, ಮಅಝೂನ್ ಹುಡುಗಿಯ ಒಪ್ಪಿಗೆ ಕೇಳಲು ಒಳಗೆ ಬಂದರು. ಹೆಂಗಸರು ತಲೆ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಅವರು ಹೆಸರು ಕೇಳಿದರು. ಮದುವೆಗೆ ಒಪ್ಪಿಗೆ ಇದೆಯಾ ಮಗಳೇ ಅಂದರು. ಇದೆ ಅಂದಳು. ಮುಕದ್ದಂ ಐದು ಸಾವಿರ, ಮುಅಖ್ಖರ್ ಇಷ್ಟು, ಒಪ್ಪಿಗೆಯಾ? ಒಪ್ಪಿಗೆ.

“ಮುಕದ್ದಂ ಕೈಸೇರಿತಲ್ಲ?” ಅಂತ ಕೇಳಿ, ಉತ್ತರಕ್ಕೆ ಕಾಯದೆ ಪೆನ್ನು ಕಾಗದಕ್ಕೆ ಇಟ್ಟರು. ಸೇರಿದೆ ಅನ್ನುವುದು ವಾಡಿಕೆಯ ಉತ್ತರ. ಸೇರದಿದ್ದರೂ ಹಾಗೇ ಬರೆದು ಸಹಿ ಹಾಕುವವರು ಬೇಕಾದಷ್ಟು ಜನ. ದುಡ್ಡು ಇನ್ನೂ ಬಂದಿರಲಿಲ್ಲ. ಮದುವೆ ಆದ ಮೇಲೆ ಕೊಟ್ಟರಾಯಿತು ಅಂತ ಹೊರಗೆ ಗಂಡಸರು ಮಾತಾಡಿಕೊಂಡಿದ್ದರು. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

“ಇಲ್ಲ, ಚಾಚಾ” ಅಂದಳು ಹುಡುಗಿ. “ಇನ್ನೂ ನನ್ನ ಕೈಗೆ ಬಂದಿಲ್ಲ.”

ಒಬ್ಬ ಸೋದರತ್ತೆ ಶ್ ಅಂದರು. ಅವಳ ಅಕ್ಕ, ನನ್ನ ಗೆಳತಿ, ನನ್ನ ಕೈ ಗಟ್ಟಿಯಾಗಿ ಹಿಡಿದಳು. ಖಾಲ್ತೊ ಏನೂ ಅನ್ನಲಿಲ್ಲ. ಮಗಳ ಹಿಂದೆ ಬಂದು, ಅವಳ ಎರಡೂ ಭುಜದ ಮೇಲೆ ಕೈ ಇಟ್ಟು ನಿಂತರು.

ಮಅಝೂನ್ ಕನ್ನಡಕದ ಮೇಲಿಂದ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಗ್ಗಿ, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಬಾಕಿ ಇದೆ.